ಮೊದಲನೇ ಸಾಲಿನ ಸಹಿ

"ಬಾಮೈದನ ಕೈ ಇಲ್ದೆ ಮೇಲಕ್ಕೆ ಏರೋದು ಬ್ಯಾಡ" ಎಂದು ದುರ್ಗವ್ವ ಮುದ್ದೆಯ ತಟ್ಟೆಯನ್ನು ಪಕ್ಕಕ್ಕೆ ಸರಿಸಿ ಕೂತುಬಿಟ್ಟಳು.

ಮಗ ಚಿಕ್ಕಬೈರಪ್ಪನ ತುತ್ತು ಕೈಯಲ್ಲೇ ಉಳಿಯಿತು. "ಅವ್ವೋ, ನಾನೇನ್ ಜೇನುಬಂಡೆ ಏರ್ತಿದೀನಾ? ಎಲೆಕ್ಷನ್‌ಗೆ ನಿಂತ್ಕತಾ ಇರೋದು."

"ಏರೋದು ಅಂದ್ರೆ ಏರೋದೇಯ. ಒಂದು ಕಾಲು ಆಗ್ಲೇ ಓಗೈತೆ. ಇನ್ನೊಂದೂ ಬೇಕಾ ನಿಂಗೆ?"

ಮೊಮ್ಮಗಳು ಮಂಜುಶ್ರೀ ನಕ್ಕಳು. ಸೊಸೆ ಮಾರಕ್ಕ ನಗಲಿಲ್ಲ. ಸಾರಿನ ಸೌಟು ಹಿಡಿದು ಯಾರ ತಟ್ಟೆಗೆ ಬಡಿಸಬೇಕೆಂದು ಮರೆತವಳಂತೆ ನಿಂತಿದ್ದಳು. ಆ ಬಾಮೈದ ಅಂದರೆ ಅವಳ ತಮ್ಮ ಕೃಷ್ಣ. ಆ ಹೆಸರು ಈ ಮನೆಯ ಊಟದ ಹೊತ್ತಿನಲ್ಲಿ ಬಂದು ಏಳು ವರ್ಷವಾಗಿತ್ತು.

ಎಲೆಕ್ಟ್ರಾನಿಕ್ ಸಿಟಿಯ ಗಾಜಿನ ಕಟ್ಟಡಗಳು ಮುಗಿದು, ಅಪಾರ್ಟ್‌ಮೆಂಟುಗಳೂ ಮುಗಿದು, ಇನ್ನೇನೂ ಇಲ್ಲ ಎನ್ನುವಾಗ ನೀಲಗಿರಿ ತೋಪಿನ ಹಿಂದೆ ಕಲ್ಲುಗುಡ್ಡೆ ಕಾಲೋನಿ ಸಿಗುತ್ತದೆ. ಮೂವತ್ತೆಂಟು ಮನೆ, ಎಲ್ಲಾ ಇರುಳಿಗರವು. ಹಿಂದೆ ಕಾಡಿನಲ್ಲಿ ಜೇನು ಕೀಳುತ್ತಿದ್ದವರು, ಗೆಣಸು ಅಗೆಯುತ್ತಿದ್ದವರು. ಈಗ ಗಂಡಸರು ಅಪಾರ್ಟ್‌ಮೆಂಟುಗಳಲ್ಲಿ ಗಾರ್ಡನ್ ಕೆಲಸಕ್ಕೋ ಸೆಕ್ಯೂರಿಟಿಗೋ ಹೋಗುತ್ತಾರೆ, ಹೆಂಗಸರು ಕಂಪನಿಗಳಲ್ಲಿ ಹೌಸ್‌ಕೀಪಿಂಗಿಗೆ. ಕೂತಿರುವ ನೆಲಕ್ಕೆ ಮಾತ್ರ ಇವತ್ತಿಗೂ ಹಕ್ಕುಪತ್ರ ಇಲ್ಲ. ಹದಿನೈದು ವರ್ಷದಿಂದ ಆ ಕಾಗದಕ್ಕಾಗಿ ಆಫೀಸಿನಿಂದ ಆಫೀಸಿಗೆ, ಕಾಲು ಹೋದ ಮೇಲೂ ಕುಂಟುತ್ತಾ, ಅಲೆದವನು ಚಿಕ್ಕಬೈರಪ್ಪ. ಅದಕ್ಕೇ, ಲೋಕಸಭೆ ಚುನಾವಣೆ ಬಂದಾಗ ಕಲ್ಲುಗುಡ್ಡೆಯೂ ಸೇರಿ ಇರುಳಿಗರ ಹತ್ತು ಹಟ್ಟಿಗಳ, ಅವರ ಬಾಯಲ್ಲಿ ದೊಡ್ಡಿಗಳ, ಸಂಘದವರು ಒಂದು ಭಾನುವಾರ ಹೊಂಗೆಮರದ ಕೆಳಗೆ ಕೂತು, "ಈ ಸಲ ನಮ್ಮೋನೇ ಒಬ್ಬ ನಿಲ್ಲಲಿ, ಬೈರಪ್ಪನೇ ನಿಲ್ಲಲಿ" ಎಂದಿದ್ದರು. ಗೆಲ್ಲುವ ಹುಚ್ಚು ಯಾರಿಗೂ ಇರಲಿಲ್ಲ. ಬಟನ್ ಒತ್ತುವ ಆ ಪೆಟ್ಟಿಗೆ ಮೇಲೆ ಇರುಳಿಗನೊಬ್ಬನ ಹೆಸರು, ಒಂದು ಫೋಟೋ ಇರಲಿ. ಮುಂದೆ ಮಕ್ಕಳು ನಿಂತಾಗ ಯಾರೂ ಬಾಯಿಬಿಟ್ಟು ನೋಡದಿರಲಿ. ಅಷ್ಟೇ ಆಸೆ.

ಸ್ವತಂತ್ರವಾಗಿ ನಿಲ್ಲುವವರ ನಾಮಪತ್ರಕ್ಕೆ ಅದೇ ಕ್ಷೇತ್ರದ ಹತ್ತು ಮತದಾರರು ಸೂಚಕರೆಂದು ಸಹಿ ಹಾಕಬೇಕು. ಅರ್ಜಿಯಲ್ಲಿ ಹತ್ತು ಸಾಲು, ಇರುವುದೂ ಹತ್ತು ದೊಡ್ಡಿ. ದೊಡ್ಡಿಗೊಂದು ಸಾಲು ಎಂದು ಜಗಳವಿಲ್ಲದೆ ಹಂಚಿಕೊಂಡರು. ಕಲ್ಲುಗುಡ್ಡೆಯ ಸಾಲು ಮಹಿಳಾ ಸಂಘದ ಪರವಾಗಿ ಮಾರಕ್ಕನಿಗೆ ಬಂದಿತ್ತು. ಈಗ ದುರ್ಗವ್ವನ ತಕರಾರು ಆ ಸಾಲಿನದ್ದೇ.

ಜೇನು ಕೀಳುವಾಗ ಬಂಡೆಯಿಂದ ಇಳಿಬಿಟ್ಟ ಹಗ್ಗವನ್ನು ಮೇಲೆ ಹಿಡಿಯುವವನು ಹೆಂಡತಿಯ ತಮ್ಮನೋ ಅಣ್ಣನೋ ಆಗಿರಬೇಕು. ಒಡಹುಟ್ಟಿದವನಿಗೆ ಕೊಡುವುದಿಲ್ಲ. ಅಣ್ಣತಮ್ಮಂದಿರಿಗಾದರೆ ಆಸ್ತಿಯೋ ಹಟ್ಟಿಯೋ ಏನೋ ಒಂದು ಆಸೆ ಇರಬಹುದು. ಬಾಮೈದನಿಗೆ ತನ್ನ ಅಕ್ಕ ಮುಂಡೆಯಾಗಬಾರದು ಎನ್ನುವ ಒಂದೇ ಆಸೆ. ಏಳು ವರ್ಷದ ಹಿಂದೆ ಚಿಕ್ಕಬೈರಪ್ಪ ಕೊನೆಯ ಸಲ ಬಂಡೆಗೆ ಹೊರಟಾಗ ಕೃಷ್ಣನಿಗೆ ಪೀಣ್ಯದ ಕಾರ್ಖಾನೆಯಲ್ಲಿ ಹೊಸ ಕೆಲಸ, ರಜೆ ಸಿಗಲಿಲ್ಲ. ಚಿಕ್ಕಪ್ಪನ ಮಗ ಹಗ್ಗ ಹಿಡಿದ. ಚಿಕ್ಕಬೈರಪ್ಪ ಬಿದ್ದ. ಹಗ್ಗ ಹಿಡಿದವನ ಮೇಲೆ ಅವನಿಗೆ ಸಿಟ್ಟು ಬರಲಿಲ್ಲ, ಬಾರದವನ ಮೇಲೆ ಬಂತು. "ಅವನು ನನ್ನ ಒಸ್ಲು ತುಳೀಬಾರ್ದು" ಎಂದವನು ಆ ಮಾತನ್ನು ವಾಪಸು ತೆಗೆದುಕೊಂಡಿರಲಿಲ್ಲ.

"ಅಜ್ಜಿ, ಅವ್ವನ ಹೆಸರು ಬರ್ದಾಗಿದೆ" ಎಂದಳು ಮಂಜುಶ್ರೀ. ಸಂಘದ ಕಾರ್ಯದರ್ಶಿ ಅವಳು. ಬಿ.ಎ. ಮಾಡಿ ಕಂಪನಿಯೊಂದರಲ್ಲಿ ಕ್ಯಾಬ್‌ಗಳನ್ನು ಹಂಚುವ ಕೆಲಸದಲ್ಲಿದ್ದಳು.

"ಒಡದಾಕು. ನಿಮ್ಮವ್ವನ್ನೇ ಕೇಳು, ತಮ್ಮನಿಗೆ ಬಿಟ್‌ಕೊಡ್ತಾಳೋ ಇಲ್ವೋ."

ಎಲ್ಲರೂ ಮಾರಕ್ಕನ ಕಡೆ ನೋಡಿದರು.

"ಬರೋದಾದ್ರೆ ನಂದೇನಿಲ್ಲ" ಎಂದಳು ಅವಳು.

"ನಾನಂತೂ ಕರಿಯಾಕಿಲ್ಲ" ಎಂದ ಚಿಕ್ಕಬೈರಪ್ಪ. ಆಮೇಲೆ ಎರಡು ತುತ್ತು ನುಂಗಿ, "ಬಂದ್ರೆ ಬರ್ಲಿ" ಎಂದ.

ದುರ್ಗವ್ವ ತಟ್ಟೆಯನ್ನು ಹತ್ತಿರ ಎಳೆದುಕೊಂಡಳು.

ಮಾರಕ್ಕ ವಾರದ ರಜೆಯ ದಿನ ಬೆಳಿಗ್ಗೆಯೇ ಹೊರಟಳು. ಬನಶಂಕರಿಗೆ ಬಸ್ಸು, ಅಲ್ಲಿಂದ ನಾಗಸಂದ್ರಕ್ಕೆ ಮೆಟ್ರೋ. ಊರಿನ ಈ ತುದಿಯಿಂದ ಆ ತುದಿ. ಒಂದು ಡಬ್ಬಿಯಲ್ಲಿ ಹುರುಳಿಕಾಳಿನ ಪಲ್ಯ ಕಟ್ಟಿಕೊಂಡಿದ್ದಳು. ಅಪ್ಪ ಅಮ್ಮ ಸತ್ತಾಗ ಕೃಷ್ಣನಿಗೆ ಒಂಬತ್ತು ವರ್ಷ. ಮದುವೆಯಾಗಿ ಬಂದ ಮನೆಗೇ ಅವನನ್ನೂ ಕರೆದುಕೊಂಡು ಬಂದು ಕಲ್ಲುಗುಡ್ಡೆಯಲ್ಲೇ ಬೆಳೆಸಿದವಳು ಅವಳು. ಈ ಏಳು ವರ್ಷ ತಮ್ಮನನ್ನು ಅವಳು ನೋಡಿದ್ದು ಮದುವೆ ಮನೆಗಳಲ್ಲಿ, ಒಂದೆರಡು ಸಾವಿನ ಮನೆಗಳಲ್ಲಿ, ಎರಡು ಸಲ ಮೆಜೆಸ್ಟಿಕ್ಕಿನ ಬಸ್‌ಸ್ಟ್ಯಾಂಡಿನಲ್ಲಿ.

ಅವನದು ಎರಡು ಕೋಣೆಯ ಬಾಡಿಗೆ ಮನೆ. ಹೆಂಡತಿ ಶಶಿಕಲಾ ಗಾರ್ಮೆಂಟ್ಸಿಗೆ ಹೊರಡುವ ಆತುರದಲ್ಲಿದ್ದಳು. "ಬನ್ನಿ ಅತ್ತಿಗೆ, ಬನ್ನಿ. ಇವ್ರು ನೈಟ್ ಶಿಫ್ಟ್ ಮುಗಿಸ್ಕೊಂಡು ಈಗ್ತಾನೆ ಬಂದ್ರು. ಎಬ್ಬಿಸ್ತೀನಿ ಇರಿ, ನೀವು ಬಂದಿದೀರ ಅಂದ್ರೆ ಹಾರ್ಕೊಂಡ್ ಬರ್ತಾರೆ."

ಕೃಷ್ಣ ಹಾರಿಕೊಂಡೇನೂ ಬರಲಿಲ್ಲ. ಕಣ್ಣುಜ್ಜುತ್ತಾ ಬಂದು ಅಕ್ಕನ ಎದುರು ಕೂತು ವಿಷಯವೆಲ್ಲಾ ಕೇಳಿದ.

"ಬಾವ ಒಪ್ಪಿದ್ರಾ?"

"ಬಂದ್ರೆ ಬರ್ಲಿ ಅಂದ್ರು."

"ಅಂಗಂದ್ರಾ? ಬಾಯಲ್ಲೇ ಅಂದ್ರಾ?"

"ಬಾಯಲ್ಲೇ ಕಣೋ."

ಅವನು ಸ್ವಲ್ಪ ಹೊತ್ತು ಪಲ್ಯದ ಡಬ್ಬಿಯ ಮುಚ್ಚಳ ತೆಗೆಯುತ್ತಾ ಹಾಕುತ್ತಾ ಕೂತ. "ಅಕ್ಕಾ, ಒಂದು ಮಾತು. ನನ್ ವೋಟು ಈಗ ಇಲ್ಲಿಗೆ ಹಾಕ್ಸ್ಕೊಂಡಿದೀನಿ. ಹೋದ್ವರ್ಷ ರೇಷನ್ ಕಾರ್ಡಿಗೆ ಅಂತ ಬದಲಾಯಿಸ್ದೆ. ಹಳೇ ಕಾರ್ಡು ಇದೆ, ಆದ್ರೆ ವೋಟು ಇಲ್ಲೇ. ನಡೀತದಾ?"

"ಅವ್ರಿಗೆ ಬೇಕಿರೋದು ನಿನ್ ಸೈನು, ವೋಟಲ್ಲ. ಹಳೇ ಕಾರ್ಡು ಇದ್ಯಲ್ಲ, ಅದ್ನೇ ತಾ."

"ಮಂಜುನ ಒಂದ್ಸಲ ಕೇಳು."

"ಕೇಳ್ತೀನಿ. ಆದ್ರೆ ಅಲ್ಲಿ ಬಂದಾಗ ನೀನು ಈ ಮಾತು ಎತ್ಬೇಡ. ವೋಟೂ ಕಿತ್ಕೊಂಡು ಹೋದ ಅಂತ ನಿಮ್ ಬಾವ ಸುರು ಮಾಡಿದ್ರೆ ಮತ್ತೆ ಏಳು ವರ್ಸ."

ಕೃಷ್ಣ ತಲೆಯಾಡಿಸಿದ. ಹೊರಡುವಾಗ ಮೆಟ್ರೋ ಸ್ಟೇಷನ್ನಿನವರೆಗೂ ಬಂದು ಬಿಟ್ಟು ಹೋದ.

ಆ ಸಂಜೆ ಮಂಜುಶ್ರೀ ಅರ್ಜಿಯನ್ನು ನೆಲದ ಮೇಲೆ ಹರಡಿಕೊಂಡು ಕೂತಿದ್ದಳು. ಒಂಬತ್ತು ದೊಡ್ಡಿಯ ಹೆಸರುಗಳನ್ನೂ ಫೋನಿನಲ್ಲಿ ಮತದಾರರ ಪಟ್ಟಿ ತೆಗೆದು ತಾಳೆ ನೋಡಿದ್ದಳು. ಹತ್ತನೆಯದಕ್ಕೆ ಬರುವ ಹೊತ್ತಿಗೆ ಕರೆಂಟು ಹೋಯಿತು, ನೆಟ್‌ವರ್ಕ್ ಕೂಡ ಹೋಯಿತು. ಅವಳ ಬಳಿ ಪಂಚಾಯ್ತಿಯಿಂದ ತಂದ ಹಳೆಯ ಪಟ್ಟಿಯೊಂದಿತ್ತು. ಅದರಲ್ಲಿ ಕೃಷ್ಣನ ಹೆಸರು ಕಾಣುತ್ತಿತ್ತು.

"ಅವ್ವಾ, ಮಾವನ ವೋಟು ಇಲ್ಲೇ ಇದೆ ತಾನೇ?"

ಮಾರಕ್ಕ ಅಕ್ಕಿ ಆರಿಸುತ್ತಿದ್ದಳು. "ಇಲ್ದೆ ಇನ್ನೆಲ್ಲಿಗೆ ಓಗ್ತದೆ."

ಮಂಜುಶ್ರೀ ಅವ್ವನ ಹೆಸರು ಹೊಡೆದಿದ್ದ ಹಳೆಯ ಅರ್ಜಿಯನ್ನು ಮಡಿಸಿಟ್ಟು, ಹೊಸ ಅರ್ಜಿಯ ಮೊದಲನೇ ಸಾಲಿನಲ್ಲಿ ಸೋದರಮಾವನ ಹೆಸರು ಬರೆದಳು. ಮೊದಲನೇ ಸಾಲೇ ಆಗಬೇಕೆಂದು ದುರ್ಗವ್ವನ ಅಪ್ಪಣೆ.

ಭಾನುವಾರ ಕೃಷ್ಣ ಬಂದ. ಇಸ್ತ್ರಿ ಮಾಡಿದ ಷರ್ಟು, ಜೇಬಿನಲ್ಲಿ ಎರಡು ಪೆನ್ನು. ಹೊಸ್ತಿಲ ಹೊರಗೇ ನಿಂತ. ಚಿಕ್ಕಬೈರಪ್ಪ ಜಗಲಿಯ ಮೇಲೆ ಕಾಲು ಚಾಚಿ ಕೂತಿದ್ದವನು ಮಗಳ ಕಡೆ ತಿರುಗಿದ.

"ಮಂಜು, ಪೆನ್ನು ಬರೀತದಾ ಕೇಳು ಅವ್ರನ್ನ."

"ಬರೀತದೆ ಅಂತ ಏಳವ್ವ ನಿಮ್ಮಪ್ಪನಿಗೆ."

"ನೀವಿಬ್ರೂ ಮೂರಡಿ ದೂರ ಇದೀರ" ಎಂದಳು ಮಂಜುಶ್ರೀ. "ನಾನೇನು ಮಧ್ಯದಲ್ಲಿ ಟವರಾ?"

ದುರ್ಗವ್ವ ಕೋಲೂರಿಕೊಂಡು ಬಂದು ಮುಂದೆ ಕೂತಳು. ಕೃಷ್ಣ ಗೋಡೆಗೆ ಅರ್ಜಿ ಒತ್ತಿ ಹಿಡಿದು ನಿಂತೇ ಸಹಿ ಹಾಕಿದ. ಮುದುಕಿ ಕಾಗದವನ್ನು ಇಸಿದುಕೊಂಡು, ಓದಲು ಬಾರದಿದ್ದರೂ ಬೆರಳಿನಿಂದ ಆ ಸಾಲನ್ನು ತಡವಿ, "ಆಯ್ತು, ಇನ್ ಏರು" ಎಂದು ಮಗನಿಗೆ ಹೇಳಿದಳು.

ಮಾರಕ್ಕ ಬೆಳಿಗ್ಗೆಯಿಂದ ಅಡುಗೆ ಮಾಡಿದ್ದಳು. "ಕೈ ತೊಳ್ಕೋ ಬಾ" ಎಂದಳು.

ಕೃಷ್ಣ ಬಾವನ ಕಡೆ ನೋಡಿದ. ಬಾವ ತೋಪಿನ ಕಡೆ ನೋಡುತ್ತಿದ್ದ.

"ಬ್ಯಾಡಕ್ಕಾ. ಶಿಫ್ಟ್ ಐತೆ. ಇದೆಲ್ಲಾ ಆಗ್ಲಿ, ಊಟಕ್ಕೆ ಅಂತಾನೇ ಬರ್ತೀನಿ."

ಅವನು ಹೋದ ಮೇಲೆ ಮಾರಕ್ಕ ಅನ್ನವನ್ನು ಎಲ್ಲರಿಗೂ ಬಡಿಸಿದಳು. ಎಲ್ಲರೂ ಉಂಡರು.

ಅದಾದ ಮೇಲೆ ಒಂದು ದಿನ ಭಾನುಪ್ರಕಾಶ್ ಬಂದಿದ್ದ. ಪಕ್ಕದ ಹಳ್ಳಿಯ ಹಳೇ ಜಮೀನ್ದಾರರ ಮಗ, ಈಗ ಎರಡು ಪಿ.ಜಿ. ಕಟ್ಟಡಗಳ ಒಡೆಯ, ಮೂರು ನೀರಿನ ಟ್ಯಾಂಕರು. ಚುನಾವಣೆ ಬಂದರೆ ಯಾವುದಾದರೊಂದು ಪಕ್ಷಕ್ಕೆ ಕಾಲೋನಿಯ ವೋಟು ಹೊಂದಿಸಿಕೊಡುವವನು. ಬೋರ್‌ವೆಲ್‌ಗಳೆಲ್ಲಾ ಬತ್ತಿದ್ದ ಬೇಸಿಗೆ. ಅವನ ಟ್ಯಾಂಕರಿನ ಹಿಂದೆ ಕಾಲೋನಿಯ ಬಿಂದಿಗೆಗಳೆಲ್ಲಾ ಸಾಲು ನಿಂತಿದ್ದವು.

"ಏನಪ್ಪಾ ಬೈರಪ್ಪ, ಎಂ.ಪಿ. ಆಗ್ಬಿಡ್ತೀಯಂತೆ! ನಿಮ್ ಜನ ಎಲ್ಲಾ ಸೇರಿ ಎಷ್ಟಪ್ಪಾ ವೋಟು?"

"ನಾವು ಎಣ್ಸಿಲ್ಲ ಬಾನಣ್ಣ. ಇಷ್ಟು ದಿನ ನೀವೇ ಎಣಿಸ್ಕತಿದ್ರಲ್ಲ."

ಬಿಂದಿಗೆ ಸಾಲಿನಲ್ಲಿ ನಗು ಎದ್ದಿತು. ಭಾನುಪ್ರಕಾಶನೂ ನಕ್ಕ. ನಕ್ಕು, "ನಿಲ್ಲಪ್ಪ, ನಿಲ್ಲು. ಒಳ್ಳೇದೇ. ನಾಳೆಯಿಂದ ಟ್ಯಾಂಕರಿಗೂ ಜನ ನಿನ್ನನ್ನೇ ಕೇಳ್ಲಿ" ಎಂದು ಬೈಕ್ ಹತ್ತಿದ. ಮಾರನೆಯ ದಿನ ಟ್ಯಾಂಕರು ಬರಲಿಲ್ಲ. ಹೆಂಗಸರು ಒಂದು ಮೈಲಿ ದೂರದ ಕಟ್ಟಡದ ಸಂಪಿನಿಂದ ನೀರು ಹೊತ್ತರು. ಯಾರೂ ಚಿಕ್ಕಬೈರಪ್ಪನನ್ನು ಬಯ್ಯಲಿಲ್ಲ. ಭಾನುಪ್ರಕಾಶನ ಮುನಿಸಿಗೆ ಕಾಲೋನಿ ಬಗ್ಗದೆ ಇದ್ದದ್ದು ಮಾರಕ್ಕನ ನೆನಪಿನಲ್ಲಿ ಅದೇ ಮೊದಲು.

ಠೇವಣಿ ಅರ್ಧಕ್ಕಿಳಿಯಲು ಬೇಕಾಗಿದ್ದ ಜಾತಿ ಪ್ರಮಾಣಪತ್ರ ಕೈಗೆ ಬರುವುದು ತಡವಾಗಿ, ನಾಮಪತ್ರ ಹಾಕಿದ್ದು ಕೊನೆಯ ದಿನ. ಹತ್ತು ದೊಡ್ಡಿಯಿಂದ ಎರಡು ಟೆಂಪೋ ಜನ, ತಮಟೆ, ಒಂದು ಹಾರ. ಚಿಕ್ಕಬೈರಪ್ಪ ಬಿಳಿ ಷರ್ಟು ಹಾಕಿ ಕುಂಟುತ್ತಾ ಆಫೀಸಿನ ಮೆಟ್ಟಿಲು ಹತ್ತಿದ್ದನ್ನು ಯಾರೋ ವಿಡಿಯೋ ಮಾಡಿದ್ದರು. ಅದು ಮಾರಕ್ಕನ ಫೋನಿಗೂ ಬಂತು. ಕೆಲಸದ ಜಾಗದಲ್ಲಿ ರಾಣಿ ಅದನ್ನು ನಾಲ್ಕು ಸಲ ನೋಡಿದಳು. ರಾಣಿ ಗೊರವನದೊಡ್ಡಿಯವಳು, ಅದೇ ಕಂಪನಿಯಲ್ಲಿ ಮಾರಕ್ಕನ ಜೊತೆ ನೆಲ ಒರೆಸುವವಳು, ಅರ್ಜಿಯ ಏಳನೇ ಸಾಲಿನವಳು.

ಮಾರನೆಯ ದಿನ ಪರಿಶೀಲನೆ. ಮಧ್ಯಾಹ್ನ ಮಾರಕ್ಕ ನಾಲ್ಕನೇ ಮಹಡಿಯಲ್ಲಿ ಮಾಪ್ ಹಿಡಿದಿದ್ದಾಗ ಫೋನು ಬಂತು.

"ಅವ್ವಾ, ರಿಜೆಕ್ಟ್ ಆಯ್ತು."

"ಯಾಕೆ?"

"ಮಾವನ ವೋಟು ನಾಗಸಂದ್ರದಲ್ಲಿದ್ಯಂತೆ. ಅದು ಬೇರೆ ಕ್ಷೇತ್ರ. ಒಂಬತ್ತೇ ಸೈನು ಲೆಕ್ಕ ಅಂತ ಅಂದ್ರು. ಇನ್ನೊಂದು ಅರ್ಜಿ ಹಾಕಿದ್ರಾ ಅಂದ್ರು. ನಾಲ್ಕು ಹಾಕ್ಬಹುದಿತ್ತಂತೆ ಕಣವ್ವಾ, ಒಬ್ರಿಗೇ ನಾಲ್ಕು! ನಂಗೆ ಗೊತ್ತೇ ಇರ್ಲಿಲ್ಲ." ಆಮೇಲೆ ಮಂಜುಶ್ರೀಯ ದನಿ ಸಣ್ಣದಾಯಿತು. "ನೀನು ಇಲ್ಲೇ ಇದೆ ಅಂದ್ಯಲ್ಲವ್ವಾ."

"ನಾನೂ ಅಂಗೇ ತಿಳ್ಕೊಂಡಿದ್ದೆ" ಎಂದಳು ಮಾರಕ್ಕ.

ಫೋನನ್ನು ಸೀರೆಯ ಮಡಿಕೆಗೆ ಸಿಕ್ಕಿಸಿ ಮಾಪ್ ಎಳೆದಳು. ಕಾರಿಡಾರಿನ ಆ ತುದಿಯವರೆಗೆ ಹೋಗಿ, ತಿರುಗಿ ಈ ತುದಿಯವರೆಗೆ ಬಂದಳು. ಮೂರನೇ ಸಲ ತಿರುಗುವಾಗ ಕುತ್ತಿಗೆಗೆ ಐಡಿ ಕಾರ್ಡು ನೇತುಹಾಕಿಕೊಂಡ ಹುಡುಗಿಯೊಬ್ಬಳು ತುದಿಗಾಲಿನಲ್ಲಿ ನಿಂತು, "ಅಕ್ಕಾ, ಇದು ಆಗ್ಲೇ ಒರೆಸಿದ್ರಲ್ಲಾ" ಎಂದಳು. "ಊಂ ಮೇಡಂ" ಎಂದು ಮಾರಕ್ಕ ಬಕೆಟ್ ಎತ್ತಿಕೊಂಡಳು.

ಮನೆಯಲ್ಲಿ ಚಿಕ್ಕಬೈರಪ್ಪ ಬಿಳಿ ಷರ್ಟನ್ನು ಬಿಚ್ಚಿರಲಿಲ್ಲ.

"ಎಲ್ಡನೇ ಸಲ ಕೈ ಬಿಟ್ಟ" ಎಂದ. "ಆವತ್ತು ಬರ್ನಿಲ್ಲ. ಈ ಸಲ ಬಂದೂ ಕೈ ಬಿಟ್ಟ. ಬಾರದಿದ್ರೇನೇ ಎಷ್ಟೋ ಮೇಲಾಗಿತ್ತು."

"ಬಾಯಿ ಬಿಟ್ಟು ಏಳ್‌ಬೋದಿತ್ತಲ್ಲ ಕಳ್ಳನ ಮಗ" ಎಂದಳು ದುರ್ಗವ್ವ. "ನನ್ ವೋಟು ಇಲ್ಲಿಲ್ಲ ಕಣಜ್ಜಿ ಅಂತ. ಇನ್ನವನ ಮನೆ ನೀರೂ ಬ್ಯಾಡ."

"ಮಾವನ್ನ ಯಾಕೆ ಬಯ್ತೀರ? ನೋಡ್ಬೇಕಾಗಿದ್ದೋಳು ನಾನು. ಒಂಬತ್ತು ನೋಡ್ದೋಳು ಹತ್ತನೇದು ನೋಡ್ಲಿಲ್ಲ" ಎಂದಳು ಮಂಜುಶ್ರೀ.

ಮಾರಕ್ಕ ಒಲೆ ಹಚ್ಚಿದಳು. ಈಗ ಹೇಳಬೇಕು ಅನ್ನಿಸಿತು. ಮುದ್ದೆಗೆ ಎಸರು ಕುದಿಯಿತು, ಹಿಟ್ಟು ಹಾಕಿದಳು, ತಿರುವಿದಳು. ಇಳಿಸಿ ಮುದ್ದೆ ಕಟ್ಟುವ ಹೊತ್ತಿಗೆ ಹೇಳುವ ಹೊತ್ತು ಮುಗಿದಿತ್ತು.

ಎರಡು ದಿನದ ಮೇಲೆ ನೀರಿನ ಸಾಲಿನಲ್ಲಿದ್ದಾಗ ಕೃಷ್ಣನೇ ಫೋನ್ ಮಾಡಿದ.

"ಅಕ್ಕಾ, ನಾನ್ ಹೇಳಿದ್ದೆ ನಿಂಗೆ."

"ಊಂ."

"ಏನಂತಾರೆ ಬಾವ?"

"ಬಯ್ತಾರೆ."

"ನನ್ನನ್ನಾ?"

"ಊಂ."

ಆ ಕಡೆ ಮೆಷಿನ್ನಿನ ಸದ್ದು ಕೇಳುತ್ತಿತ್ತು. "ಬಿಡು, ಹೇಳ್ಬೇಡ. ನಿನ್ ಮೇಲೆ ಕೂಗಾಡೋದಕ್ಕಿಂತ ನನ್ ಮೇಲೇ ಕೂಗಾಡ್ಲಿ. ನಾನ್ ಹೆಂಗೂ ಅಲ್ಲಿಲ್ಲ, ನಂಗೇನ್ ಕೇಳ್ಸಲ್ಲ" ಎಂದು ಫೋನಿಟ್ಟ.

ಬೇಸಿಗೆ ಹಾಗೇ ಉರಿಯಿತು. ಮಾರಕ್ಕ ಐದಕ್ಕೆ ಎದ್ದು ನೀರು ತಂದಳು, ತಿಂಡಿ ಮಾಡಿದಳು, ಏಳೂವರೆಯ ಬಸ್ಸು ಹಿಡಿದಳು. ಗಂಡ ಉಣ್ಣುವಾಗ ಮಾತಾಡುವುದನ್ನು ಬಿಟ್ಟ. ಮತದಾನದ ದಿನ ಕಂಪನಿಗೆ ರಜೆ. ಮನೆಯವರೆಲ್ಲಾ ಶಾಲೆಯ ಬೂತಿಗೆ ಹೋಗಿ ಬಂದರು. ಪೆಟ್ಟಿಗೆಯ ಮೇಲೆ ಉದ್ದಕ್ಕೂ ಹೆಸರು, ಉದ್ದಕ್ಕೂ ಫೋಟೋ. ಮಾರಕ್ಕ ಯಾವುದೋ ಒಂದನ್ನು ಒತ್ತಿದಳು. ಕುಯ್ ಎಂದಿತು.

"ಯಾರ್ಗೆ ಒತ್ತಿದ್ಯೇ?" ಎಂದು ದಾರಿಯಲ್ಲಿ ದುರ್ಗವ್ವ ಕೇಳಿದಳು.

"ಒತ್ತಿದೆ ಅತ್ತೆ."

"ನಾನೂ ಅಂಗೇಯ" ಎಂದಳು ಮುದುಕಿ.

ಕಾಲೋನಿಗಳಲ್ಲಿ ಮಾತು ಮಾತ್ರ ನಿಲ್ಲಲಿಲ್ಲ. ಮೊದಮೊದಲು ಕೃಷ್ಣನನ್ನು ಬಯ್ಯುತ್ತಿದ್ದ ಜನ ನಿಧಾನವಾಗಿ ಮಂಜುಶ್ರೀಯ ಕಡೆ ತಿರುಗಿದರು. ಓದಿದವಳೆಂದು ನಂಬಿದೆವು. ಸೋದರಮಾವನೆಂದು ಕಣ್ಣು ಮುಚ್ಚಿ ಬರೆದುಕೊಂಡಳು. ಮೇ ತಿಂಗಳ ನಡುವೆ ಸಂಘದ ಸಭೆ ಕರೆದರು: ಕಾರ್ಯದರ್ಶಿಯನ್ನು ಬದಲಾಯಿಸಬೇಕು. ಕೇಳಿದವಳು ರಾಣಿ. ಕೆಲಸದ ಜಾಗದಲ್ಲಿ ಅವಳು ಅದನ್ನು ಮಾರಕ್ಕನ ಮುಖಕ್ಕೇ ಹೇಳಿದಳು. "ಬೇಜಾರು ಮಾಡ್ಕಬೇಡ ಮಾರಕ್ಕ. ನಿನ್ ಮಗಳು ಒಳ್ಳೇಳೇ. ಆದ್ರೆ ನಮ್ದೊಂದೇ ಸೈನಾ ಅದು? ಒಂಬತ್ತು ದೊಡ್ಡೀದು ಮಣ್ಣಾಯ್ತು."

"ಮಾಡಿ" ಎಂದಳು ಮಾರಕ್ಕ.

ಸಭೆಯ ದಿನ ಬೆಳಿಗ್ಗೆ ಮಂಜುಶ್ರೀ ಸಂಘದ ಕಾಗದಗಳನ್ನೆಲ್ಲಾ ಒಂದು ಪ್ಲಾಸ್ಟಿಕ್ ಚೀಲಕ್ಕೆ ತುಂಬಿ ಬಾಗಿಲ ಬಳಿ ಇಟ್ಟಿದ್ದಳು. ಹದಿನೈದು ವರ್ಷದ ಅರ್ಜಿಗಳು. ತಿಂಡಿಗೆ ಬಾರದೆ ಚೀಲದ ಪಕ್ಕದಲ್ಲೇ ಕೂತಿದ್ದಳು. ದುರ್ಗವ್ವ ಕರೆದಳು, ಬರಲಿಲ್ಲ. ಚಿಕ್ಕಬೈರಪ್ಪ ಅನ್ನ ಕಲಸುತ್ತಿದ್ದ. ಮಾರಕ್ಕ ಸಾರಿನ ಪಾತ್ರೆ ಹಿಡಿದು ಅವನೆದುರು ಕೂತಳು.

"ಕೃಷ್ಣ ನಂಗೆ ಏಳಿದ್ದ" ಎಂದಳು.

"ಏನ?"

"ವೋಟು ನಾಗಸಂದ್ರಕ್ಕೆ ಹಾಕ್ಸ್ಕೊಂಡಿದೀನಿ ಅಂತ. ಮಂಜುನ ಕೇಳು ಅಂತಾನೂ ಅಂದಿದ್ದ. ನಾನೇ ಬಾಯಿ ಬಿಡಬ್ಯಾಡ ಅಂದೆ. ಮಂಜು ಕೇಳ್ದಾಗ ಇಲ್ಲೇ ಐತೆ ಅಂದೆ."

"ಯಾವತ್ತು?"

"ಅಲ್ಲಿಗೆ ಓದ ದಿನವೇ."

ದುರ್ಗವ್ವನ ಕೈಯ ಲೋಟ ನಿಂತಿತು. ಬಾಗಿಲ ಬಳಿ ಮಂಜುಶ್ರೀ ತಲೆ ಎತ್ತಿದಳು. ಚಿಕ್ಕಬೈರಪ್ಪ ಮಾತ್ರ ಅನ್ನ ಕಲಸುತ್ತಲೇ ಇದ್ದ. ಕಲಸಿ ಕಲಸಿ ಅದು ಗಂಜಿಯಾಗಿತ್ತು.

"ಯಾಕೆ?" ಎಂದ ಕೊನೆಗೆ.

"ಅವ್ನು ಬರ್ಲಿ ಅಂತ" ಎಂದಳು ಮಾರಕ್ಕ. "ಮನೆಗೆ."

ಅವನು ತಟ್ಟೆ ಮುಂದೆ ಮಾಡಿದ. "ಸಾರು ಆಕು."

ಹಾಕಿದಳು. ಅವನು ಪೂರ್ತಿ ಉಂಡು, ತಟ್ಟೆಯಲ್ಲೇ ಕೈ ತೊಳೆದು, ಗೋಡೆ ಹಿಡಿದು ಎದ್ದ. "ಇದ್ನೇ ಅಲ್ಲಿ ಬಂದು ಏಳು" ಎಂದ.

ಹೊಂಗೆಮರದ ಕೆಳಗೆ ಹತ್ತು ದೊಡ್ಡಿಯ ಜನ. ಮಾರಕ್ಕ ಎದ್ದು ನಿಂತು ಹೇಳಿದಳು. ಬೆಳಿಗ್ಗೆ ಹೇಳಿದ ಮಾತುಗಳೇ, ಅದೇ ಕ್ರಮದಲ್ಲಿ. ದನಿ ನಡುಗಲಿಲ್ಲ, ಅಳು ಬರಲಿಲ್ಲ. ಅಳು ಬಂದಿದ್ದರೆ ಜನಕ್ಕೂ ಏನಾದರೂ ಮಾಡಲು ತೋಚುತ್ತಿತ್ತೋ ಏನೋ.

"ತಮ್ಮನಿಗೆ ಒಂದೊತ್ತು ಅನ್ನ ಇಕ್ಕಕ್ಕೆ ನಮ್ಮೆಲ್ರುನೂ ಮೆಟ್ಲಿಳಿಸಿದ್ಯಲ್ಲೇ ತಾಯಿ" ಎಂದ ಹಿಂದಿನಿಂದ ಒಬ್ಬ ಮುದುಕ.

"ಊಂ" ಎಂದಳು ಮಾರಕ್ಕ.

ರಾಣಿ ಎದ್ದಳು. "ಅಂಗಾದ್ರೆ ಮಂಜುದೂ ಅಲ್ಲ, ಆ ಕೃಷ್ಣಂದೂ ಅಲ್ಲ. ಚೀಲ ಅವ್ಳತ್ರಾನೇ ಇರ್ಲಿ. ಜಿಲ್ಲಾ ಪಂಚಾಯ್ತಿ ಎಲೆಕ್ಷನ್ ಇವತ್ತಲ್ಲ ನಾಳೆ ಬರ್ತದೆ. ನಿಲ್ಲಲೇಬೇಕು. ಎಷ್ಟು ಅರ್ಜಿ ಹಾಕ್ಬೋದೋ ಅಷ್ಟೂ ಹಾಕೋಣ." ಚಿಕ್ಕಬೈರಪ್ಪನ ಕಡೆ ತಿರುಗಿದಳು. "ಆದ್ರೆ ಈ ಮನೆಯೋರು ಬ್ಯಾಡ. ತಪ್ಪು ತಿಳ್ಕಬೇಡ ಬೈರಣ್ಣ."

"ಮತ್ತ್ಯಾರು?" ಎಂದ ಚಿಕ್ಕಬೈರಪ್ಪ.

"ನಾನ್ ನಿಲ್ತೀನಿ."

ಗಂಡಸರು ಒಬ್ಬರ ಮುಖ ಒಬ್ಬರು ನೋಡಿದರು. ಆ ಮುದುಕನೇ ದುರ್ಗವ್ವನ ಕಡೆ ತಿರುಗಿ ಕೇಳಿದ. "ಅಲ್ಲ ದುರ್ಗವ್ವ, ಎಂಗಸು ಏರಿದ್ರೆ ಅಗ್ಗ ಯಾರು ಇಡೀಬೇಕು?"

ದುರ್ಗವ್ವ ಕೋಲನ್ನು ನೆಲಕ್ಕೆ ಊರಿದಳು. "ನಮ್ ಕಾಲ್ದಾಗೆ ಯಾವ್ಳೂ ಏರ್ನಿಲ್ಲ. ನಂಗೊತ್ತಿಲ್ಲಪ್ಪ. ಇಡಿಯೋರು ಇಡೀರಿ."

ನಗು ಬಂತು. ಕೈಗಳು ಎದ್ದವು. ಚಿಕ್ಕಬೈರಪ್ಪನ ಕೈಯೂ ಎದ್ದದ್ದನ್ನು ಮಾರಕ್ಕ ನೋಡಿದಳು. ಹದಿನೈದು ವರ್ಷ ಅಲೆದ ಮನುಷ್ಯ. ಅವನು ಕೈ ಇಳಿಸುವಾಗ ಎಲ್ಲರಿಗಿಂತ ಕೊನೆಗೆ ಇಳಿಸಿದ.

ಮನೆಗೆ ನಡೆಯುವಾಗ ಮಂಜುಶ್ರೀ ಚೀಲ ಹೊತ್ತು ಮುಂದೆ ಮುಂದೆ ಹೋಗುತ್ತಿದ್ದಳು. ತಿರುವಿನಲ್ಲಿ ಥಟ್ಟನೆ ನಿಂತಳು. "ನಲವತ್ತು ದಿನ ಕಣವ್ವಾ. ಜನ ಎಲ್ಲಾ ನನ್ನ ಬಯ್ತಿದ್ರೆ ಕೇಳಿಸ್ಕೊಂಡು ಇದ್ಯಲ್ಲಾ."

"ಊಂ."

"ಊಂ ಅಂತೀಯಲ್ಲಾ! ಬೇರೆ ಏನೂ ಬರಲ್ವಾ ನಿಂಗೆ?"

ಮಾರಕ್ಕ ಚೀಲ ಇಸಿದುಕೊಳ್ಳಲು ಕೈ ಚಾಚಿದಳು. ಮಗಳು ಚೀಲವನ್ನು ಇನ್ನೊಂದು ಹೆಗಲಿಗೆ ಬದಲಾಯಿಸಿಕೊಂಡು ನಡೆದಳು. ಆಮೇಲೆ ಎಷ್ಟೋ ದಿನ ಅವಳು ಅವ್ವನ ಜೊತೆ ಬೇಕಾದಷ್ಟೇ ಮಾತಾಡಿದಳು. ನೀರು ಬಂತು. ಗ್ಯಾಸ್ ಮುಗೀತು. ನಾನು ಹೊರಟೆ.

ಮೊದಲ ಮಳೆ ಬಿದ್ದ ಮೇಲಿನ ಭಾನುವಾರ ಕೃಷ್ಣ ಬಂದ. ಜೊತೆಗೆ ಶಶಿಕಲಾ, ಕೈಯಲ್ಲಿ ಕೋಳಿಯ ಕವರು. ಅವನಿಗೆ ಯಾರು ಫೋನ್ ಮಾಡಿದರೋ, ಮಂಜುಶ್ರೀಯೋ ಅವಳಪ್ಪನೋ, ಮಾರಕ್ಕ ಕೇಳಲಿಲ್ಲ. ಚಿಕ್ಕಬೈರಪ್ಪ ಚಾಪೆಯ ಮೇಲೆ ಚಾಚಿದ್ದ ಕಾಲನ್ನು ಎರಡೂ ಕೈಯಿಂದ ಹಿಡಿದು ಪಕ್ಕಕ್ಕೆ ಸರಿಸಿದ. ಅಷ್ಟು ಜಾಗದಲ್ಲಿ ಕೃಷ್ಣ ಕೂತ. ದುರ್ಗವ್ವ ಒಬ್ಬಳೇ ಶಶಿಕಲಾಳ ಬಳೆ ಎಷ್ಟಕ್ಕೆ ತಂದದ್ದೆಂದು ಕೇಳುತ್ತಿದ್ದಳು.

ಮಾರಕ್ಕ ಕೋಳಿ ತೊಳೆದಳು, ಮಸಾಲೆ ಅರೆದಳು, ಮುದ್ದೆ ತಿರುವಿದಳು. ಏಳು ವರ್ಷ ಇದೊಂದನ್ನೇ ಬೇಡಿಕೊಂಡಿದ್ದಳು. ಈಗ ಖುಷಿಯಾಗಬೇಕಲ್ಲ ಎಂದು ಸೌಟು ಹಿಡಿದು ಕಾದಳು. ಸಾರು ಕುದಿಯಿತು. ಇಳಿಸಿದಳು. ಎಲ್ಲರಿಗೂ ಬಡಿಸಿ ಗೋಡೆಗೆ ಒರಗಿ ನಿಂತ ಮೇಲೆ ಗಂಡನೂ ತಮ್ಮನೂ ಒಟ್ಟಿಗೇ ತುತ್ತು ಅದ್ದಿದ್ದನ್ನು ನೋಡಿದಳು.

ಚಿಕ್ಕಬೈರಪ್ಪ ನುಂಗಿದ. ತಲೆ ಎತ್ತದೆ, "ಉಪ್ಪು ಸಾಲ್ದು" ಎಂದ.

"ಊಂ ಬಾವ" ಎಂದ ಕೃಷ್ಣ. "ಸಾಲ್ದು."

ಏಳು ವರ್ಷದಲ್ಲಿ ಮಧ್ಯೆ ಯಾರೂ ಇಲ್ಲದೆ ಅವರಿಬ್ಬರು ಆಡಿದ ಮೊದಲ ಮಾತು ಅದು. ಮಾರಕ್ಕ ಒಳಗೆ ಹೋದಳು. ಉಪ್ಪಿನ ಡಬ್ಬಿ ಕೈಗೆ ಎಟಕುವಲ್ಲೇ ಇತ್ತು. ಅದನ್ನು ತೆಗೆದು ಎದೆಗೆ ಒತ್ತಿಕೊಂಡು, ಒಲೆಯ ಕಡೆ ಮುಖ ಮಾಡಿ ನಿಂತಳು.

"ಉಪ್ಪು ತರಕ್ಕೆ ಎಲ್ಲಿಗೆ ಓದ್ಳೇ ಇವ್ಳು, ಸಮುದ್ರಕ್ಕಾ?" ಎಂದು ಹೊರಗಿನಿಂದ ದುರ್ಗವ್ವ ಕೂಗಿದಳು.

"ಬಂದೆ ಅತ್ತೆ" ಎಂದಳು ಮಾರಕ್ಕ. ಆದರೂ ಇನ್ನೊಂದಿಷ್ಟು ಹೊತ್ತು ಅಲ್ಲೇ ನಿಂತಿದ್ದಳು.